ಬೀಜದ ದಪ್ಪವೂ ಲೋಟದ ರುಚಿಯೂ

ಕ್ಯೂರಿಂಗ್ ವರ್ಕ್ಸ್‌ನಿಂದ ಔಟ್‌ಟರ್ನ್ ಚೀಟಿ ಬರುವ ದಿನಗಳಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯ ಬಾಂಧವರು ನಮ್ಮನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ತೋಟ ಹೋದ ವರ್ಷದ್ದೇ, ಗಿಡ ಅವೇ, ಹಾಕಿದ ಗೊಬ್ಬರವೂ ಅಷ್ಟೇ. ಆದರೆ ಚೀಟಿಯಲ್ಲಿ ಎ ಗ್ರೇಡು ಇಳಿದಿದೆ, ಬಿ ಮತ್ತು ಸಿ ಏರಿವೆ. ಕೈಗೆ ಬರುವ ಹಣವೂ ಅದಕ್ಕೆ ತಕ್ಕಂತೆ ಕೆಳಗಿಳಿದಿದೆ. ಬೀಜ ಒಂದಿಷ್ಟು ಸಣ್ಣದಾದ ಮಾತ್ರಕ್ಕೆ ಕಾಫಿಯ ರುಚಿ ಕೆಟ್ಟುಹೋಗುತ್ತದೆಯೇ? ಕುಡಿಯುವವರಿಗೆ ಅದು ಗೊತ್ತಾಗುತ್ತದೆಯೇ? ಗೊತ್ತಾಗದಿದ್ದರೆ ನಮಗೆ ಕಡಿಮೆ ಕೊಡುವುದು ಯಾವ ನ್ಯಾಯ?

ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ, ಅದು ಸಹಜವೇ. ಐದಾರು ಎಕರೆಯ ಬೆಳೆಗಾರನಿಗೆ ಚೀಟಿಯ ಆ ಎರಡು ಸಾಲುಗಳೇ ಮಕ್ಕಳ ಫೀಜು, ಮುಂದಿನ ಮಳೆಗಾಲದ ಗೊಬ್ಬರ. ಇತ್ತೀಚೆಗೆ ಇನ್ನೊಂದು ಮಾತೂ ಕೇಳಿಬರುತ್ತಿದೆ. ದಪ್ಪ ಬೀಜದ ತಳಿ ಹಾಕಿದರೆ ಒಳ್ಳೆಯ ಕಾಫಿ, ಒಳ್ಳೆಯ ಬೆಲೆ ಎರಡೂ ಸಿಕ್ಕುತ್ತವೆಂದು ನಂಬಿ, ಫಲ ಕೊಡುತ್ತಿರುವ ಹಳೆಯ 795 ಗಿಡಗಳನ್ನು ಕೀಳಲು ಹೊರಟವರಿದ್ದಾರೆ. ಹೊಸ ಗಿಡ ಹಿಡಿಗಾಯಿ ತೋರಿಸುವುದಕ್ಕೇ ಮೂರು ನಾಲ್ಕು ವರ್ಷ ಬೇಕು. ಅಷ್ಟು ಕಾಲ ಆ ಜಾಗದ ವರಮಾನ ಬಿಡುವ ಮುಂಚೆ, ದಪ್ಪ ಎಂಬುದಕ್ಕೂ ರುಚಿ ಎಂಬುದಕ್ಕೂ ಏನು ನಂಟು ಎಂಬುದನ್ನು ಒಮ್ಮೆ ಕೂತು ಯೋಚಿಸುವುದು ಒಳ್ಳೆಯದು.

ಜರಡಿ ಏನನ್ನು ಅಳೆಯುತ್ತದೆ

ಮೊದಲು ಜರಡಿಯ ವಿಷಯ. ಜರಡಿಯ ನಂಬರು ಎಂದರೆ ಒಂದು ಅಂಗುಲವನ್ನು 64 ಪಾಲು ಮಾಡಿದ ಲೆಕ್ಕ. 17ನೇ ನಂಬರೆಂದರೆ ಅಂತಹ 17 ಪಾಲು ಅಗಲದ ದುಂಡನೆಯ ತೂತು. ಪಾರ್ಚ್‌ಮೆಂಟಿನಿಂದ ಬಂದ ಅರೇಬಿಕಾ ಬೀಜ, ಅಂದರೆ ನಾವು ಪ್ಲಾಂಟೇಷನ್ ಎಂದು ಕರೆಯುವುದು, 6.65 ಮಿಲಿಮೀಟರು ತೂತಿನ ಈ ಜರಡಿಯ ಮೇಲೆ ನೂರಕ್ಕೆ 90 ಭಾಗ ನಿಂತರೆ ಎ ಗ್ರೇಡು. ಬಿ ಗ್ರೇಡಿನದು 15ನೇ ನಂಬರು, 6 ಮಿಲಿಮೀಟರು. ಸಿ ಗ್ರೇಡಿನದು 14ನೇ ನಂಬರು, 5.5 ಮಿಲಿಮೀಟರು. ಎ ಗ್ರೇಡಿಗೂ ಮೇಲೆ 18ನೇ ಜರಡಿಯ ಎಎ ಇದೆ. ಅದಕ್ಕೂ ಮೇಲೆ 19ನೇ ಜರಡಿಯ, 7.5 ಮಿಲಿಮೀಟರಿನ ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್ ಇದೆ. ಚೆರ್ರಿ ಕಾಫಿಯಲ್ಲಿ ಎ ಮತ್ತು ಬಿ ಬೇರೆ ಮಾಡದೆ ಎಬಿ ಎಂದು ಒಟ್ಟಿಗೇ ಹಿಡಿಯುತ್ತಾರೆ.

ಎ ಗ್ರೇಡಿಗೂ ಬಿ ಗ್ರೇಡಿಗೂ ನಡುವಿನ ಅಂತರ ಮುಕ್ಕಾಲು ಮಿಲಿಮೀಟರೂ ಇಲ್ಲ. ಜರಡಿ ಅಗಲವನ್ನು ಮಾತ್ರ ಅಳೆಯುತ್ತದೆ. ಬೀಜದ ತೂಕ ಅದಕ್ಕೆ ಗೊತ್ತಿಲ್ಲ. ಹಣ್ಣು ಮಾಗಿ ಬಿದ್ದದ್ದೋ ಹಸಿಗಾಯಿಯದೋ ಗೊತ್ತಿಲ್ಲ. ಕಣದಲ್ಲಿ ಮಳೆಗೆ ನೆನೆದದ್ದೋ, ಚೀಲದಲ್ಲಿ ಮುಗ್ಗಿದ್ದೋ, ಅದೂ ಗೊತ್ತಿಲ್ಲ. ಕಾಯಿಕೊರಕ ಕೊರೆದ ದಪ್ಪ ಬೀಜವನ್ನೂ ಅದು ಎ ಗ್ರೇಡಿನ ಜೊತೆಯಲ್ಲೇ ನಿಲ್ಲಿಸುತ್ತದೆ. ಅದನ್ನು ಆರಿಸಿ ತೆಗೆಯುವುದು ಗಾರ್ಬಲಿಂಗಿನಲ್ಲಿ ಕೂತ ಹೆಣ್ಣುಮಕ್ಕಳ ಕಣ್ಣು, ಇಲ್ಲವೇ ಈಗಿನ ಬಣ್ಣ ಬೇರ್ಪಡಿಸುವ ಯಂತ್ರ.

ಕಾಯಿ ಮೊದಲು ಮನೆ ಕಟ್ಟುತ್ತದೆ

ಬೀಜ ದಪ್ಪವಾಗುವುದು ಹೇಗೆಂದು ತಿಳಿದರೆ ಅರ್ಧ ಉತ್ತರ ಸಿಕ್ಕಿದಂತೆ. ಭತ್ತ ಬೆಳೆಯುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಭತ್ತದಲ್ಲಿ ಮೊದಲು ಹೊಟ್ಟಿನ ಗೂಡು ರೂಪುಗೊಳ್ಳುತ್ತದೆ, ಅಳತೆ ಆಗಲೇ ತೀರ್ಮಾನವಾಗುತ್ತದೆ. ಹಾಲು ತುಂಬುವುದು ಆಮೇಲೆ. ಹಾಲು ತುಂಬದಿದ್ದರೆ ಗೂಡು ದೊಡ್ಡದಿದ್ದರೂ ಜೊಳ್ಳೇ.

ಕಾಫಿಯಲ್ಲೂ ಹಾಗೆಯೇ. ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆಗೆ ಅರಳಿದ ಹೂವು ಕಾಯಿ ಕಚ್ಚಿ, ಒಂದಷ್ಟು ಕಾಲ ಗುಂಡುಸೂಜಿ ತಲೆಯಷ್ಟೇ ಇರುತ್ತದೆ. ಎರಡನೆಯ ತಿಂಗಳಿನಿಂದ ನಾಲ್ಕನೆಯ ತಿಂಗಳವರೆಗೆ, ಅಂದರೆ ನಮ್ಮಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ, ಅದು ಭರಭರನೆ ಊದುತ್ತದೆ. ಆಗ ಒಳಗಿನ ಎರಡು ಕೋಣೆಗಳು ನೀರಿನಿಂದ ಹಿಗ್ಗುತ್ತವೆ. ಆ ಹಿಗ್ಗು ನಿಂತ ಮೇಲೆ ಕೋಣೆಯ ಗೋಡೆ, ನಾವು ಪಾರ್ಚ್‌ಮೆಂಟ್ ಸಿಪ್ಪೆ ಎನ್ನುವುದು, ಗಟ್ಟಿಯಾಗುತ್ತದೆ. ಗೋಡೆ ಗಟ್ಟಿಯಾದ ಮೇಲೆ ಬೀಜ ಅದಕ್ಕಿಂತ ದೊಡ್ಡದಾಗುವ ಹಾಗಿಲ್ಲ. ಹೂಮಳೆಯಾದ ನಂತರ ಹಿಂಮಳೆ ಬಾರದೆ ಗಿಡ ಸೊರಗಿದರೆ, ಮುಂಗಾರು ತಡವಾದರೆ, ಕೋಣೆಯೇ ಸಣ್ಣದಾಗಿಬಿಡುತ್ತದೆ. ಆಮೇಲೆ ಎಷ್ಟು ಗೊಬ್ಬರ ಸುರಿದರೂ ಆ ವರ್ಷದ ಎ ಗ್ರೇಡು ಹೋದದ್ದು ಹೋಯಿತು. "ಅದೇ ತೋಟ, ಅದೇ ಗಿಡ" ಎಂದು ಕೇಳುವ ಸದಸ್ಯರಿಗೆ ಮೊದಲ ಉತ್ತರ ಇಲ್ಲಿದೆ. ತೋಟ ಅದೇ ಇರಬಹುದು; ಮೇ ಜೂನ್ ತಿಂಗಳ ಮಳೆ ಅದೇ ಇರಲಿಲ್ಲ.

ಬೀಜ ತುಂಬುವುದು ಎರಡನೆಯ ಘಟ್ಟ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಎಲೆಗಳು ಮಾಡಿದ ಸಕ್ಕರೆ ಬೀಜಕ್ಕೆ ಇಳಿಯುತ್ತದೆ. ಬೀಜದ ತೂಕ, ಗಡಸುತನ, ರುಚಿಗೆ ಬೇಕಾದ ಸಾಮಗ್ರಿ ಬಂದು ಸೇರುವುದು ಈಗಲೇ. ಎಲೆತುಕ್ಕು ಬಂದು ಎಲೆ ಉದುರಿದ್ದರೆ, ರೆಕ್ಕೆಯ ತುಂಬ ಕಾಯಿ ಕಿಕ್ಕಿರಿದು ಹಂಚಿಕೊಳ್ಳಲು ಎಲೆ ಸಾಲದಿದ್ದರೆ, ಬೀಜ ಅರೆಬರೆ ತುಂಬುತ್ತದೆ. ಅಂದಮೇಲೆ ನಾಲ್ಕು ಬಗೆಯ ಬೀಜ ಸಾಧ್ಯವಾಯಿತು: ದಪ್ಪವಾಗಿ ತುಂಬಿದ್ದು, ದಪ್ಪವಾಗಿ ತುಂಬದ್ದು, ಸಣ್ಣದಾಗಿ ತುಂಬಿದ್ದು, ಸಣ್ಣದಾಗಿ ತುಂಬದ್ದು. ಜರಡಿಗೆ ಕಾಣುವುದು ಇವುಗಳಲ್ಲಿ ಎರಡೇ ಬಗೆ. ನಾಲಿಗೆಗೆ ಕಾಣುವುದೂ ಎರಡೇ, ಆದರೆ ಅವು ಬೇರೆ ಎರಡು.

ಹಾಗಾದರೆ ದಪ್ಪಕ್ಕೂ ರುಚಿಗೂ ಏನೂ ಸಂಬಂಧವಿಲ್ಲವೆಂದು ಹೇಳಬಹುದೇ? ಅದೂ ತಪ್ಪು. ಒಂದೇ ಕಾರಣದಿಂದ ಎರಡೂ ಒಟ್ಟಿಗೆ ಬರುವ ಸಂದರ್ಭಗಳಿವೆ. ಕೋಸ್ಟರಿಕಾ ದೇಶದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಕೆಲವು ಗಿಡಗಳನ್ನು ನೆರಳಿನಲ್ಲೂ ಕೆಲವನ್ನು ಬಿಸಿಲಿನಲ್ಲೂ ಬೆಳೆಸಿ, ಕೆಲವು ಗಿಡಗಳ ಕಾಯಿಯನ್ನು ಬೇಕೆಂದೇ ಉದುರಿಸಿ ಹೊರೆ ಕಡಿಮೆ ಮಾಡಿ ನೋಡಿದರು. ನೆರಳಿನಲ್ಲಿ ಹಣ್ಣು ಆರು ವಾರದವರೆಗೂ ತಡವಾಗಿ ಮಾಗಿತು, ಬೀಜ ದಪ್ಪವಾಯಿತು, ಲೋಟದ ರುಚಿಯೂ ಮೇಲಾಯಿತು. ಬಿಸಿಲಿನ ಗಿಡದ ಕಾಫಿಯಲ್ಲಿ ಕಹಿಯೂ ಒಗರೂ ಹೆಚ್ಚಿದ್ದವು. ಕಾಯಿ ಹೊರೆ ಕಡಿಮೆಯಿದ್ದ ಗಿಡದಲ್ಲೂ ಬೀಜ ದಪ್ಪ, ರುಚಿ ಮೇಲು. ಆದರೆ ನೆರಳಿನಲ್ಲಿ ಇಳುವರಿ ನೂರಕ್ಕೆ 18ರಷ್ಟು ಇಳಿಯಿತೆಂಬುದನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಇಲ್ಲಿ ದಪ್ಪ ರುಚಿಯನ್ನು ತರಲಿಲ್ಲ. ಸಾವಕಾಶವಾಗಿ, ಹೊಟ್ಟೆತುಂಬ ಉಂಡು ಮಾಗಿದ್ದೇ ದಪ್ಪವನ್ನೂ ರುಚಿಯನ್ನೂ ತಂದಿತು. ನೆರಳು ಬಿಟ್ಟು ಕಾಫಿ ಮಾಡದ ನಮ್ಮ ಹಿರಿಯರ ಮಾತಿಗೆ ಇದು ಒಳ್ಳೆಯ ಸಾಕ್ಷಿ ಎಂದು ನಮಗೆ ಅನ್ನಿಸುತ್ತದೆ. ಮರಗಸಿಯ ಹೆಸರಿನಲ್ಲಿ ತೋಟವನ್ನೇ ಬೋಳು ಮಾಡುವವರು ಸ್ವಲ್ಪ ಗಮನಿಸಲಿ.

ಹೊರದೇಶಗಳ ಮಾತು

ದಪ್ಪವೇ ರುಚಿಯಾಗಿದ್ದರೆ ಜಗತ್ತಿನ ಅತ್ಯುತ್ತಮ ಕಾಫಿ ಮಾರಗೊಜಿಪೆ ಆಗಿರಬೇಕಿತ್ತು. 1870ರಲ್ಲಿ ಬ್ರೆಜಿಲ್‌ನ ಬಹಿಯಾ ಪ್ರಾಂತ್ಯದಲ್ಲಿ ಕಂಡುಬಂದ ಈ ತಳಿಯ ಬೀಜ ನಮ್ಮ ಎ ಗ್ರೇಡಿನ ಪಕ್ಕದಲ್ಲಿಟ್ಟರೆ ಅಣ್ಣನಂತೆ ಕಾಣುತ್ತದೆ. ನೋಡಲು ಚೆಂದ, ಇಳುವರಿ ಕಡಿಮೆ, ರುಚಿ ಬಹುಮಟ್ಟಿಗೆ ಮೆದು. ಇತ್ತ ಇಥಿಯೋಪಿಯಾದ ಯಿರ್ಗಚೆಫೆ ಕಡೆಯ ಬೀಜ ಸಣ್ಣದು. ನಮ್ಮ ಜರಡಿಯಲ್ಲಿ ಬಹಳಷ್ಟು ಕೆಳಗೆ ಬಿದ್ದುಹೋದೀತು. ಆದರೂ ಹೂವಿನಂತಹ ಪರಿಮಳಕ್ಕೆ ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಆ ದೇಶದಲ್ಲಿ ಗ್ರೇಡು ಕಟ್ಟುವುದು ದೋಷದ ಬೀಜ ಎಷ್ಟಿದೆ, ಲೋಟದಲ್ಲಿ ರುಚಿ ಹೇಗಿದೆ ಎಂಬುದರ ಮೇಲೆ. ಬಾಬಾಬುಡನ್ ಅವರು ಏಳು ಬೀಜ ತಂದರೆಂದು ಹೇಳುವ ಯೆಮನ್ ದೇಶದ ಮೋಖಾ ಕಾಫಿಯೂ ಸಣ್ಣ ಬೀಜದ್ದೇ. ನೂರಾರು ವರ್ಷ ಅದರ ಹೆಸರೇ ಕಾಫಿಗೆ ಹೆಸರಾಗಿತ್ತು.

ಕೀನ್ಯಾದವರು ನಮ್ಮಂತೆಯೇ ಜರಡಿ ಹಿಡಿಯುವವರು: ಎಎ, ಎಬಿ, ಪೀಬೆರಿ ಎಂದು. ಅಲ್ಲಿಯೂ ಒಳ್ಳೆಯ ರುಚಿಯ ಎಬಿ ಲಾಟು ಸಾಧಾರಣ ಎಎ ಲಾಟಿಗಿಂತ ಹೆಚ್ಚಿನ ಬೆಲೆಗೆ ಹೋಗುವುದುಂಟು, ಏಕೆಂದರೆ ಕೊಳ್ಳುವವರು ಹರಾಜಿಗೆ ಮುಂಚೆ ಕುಡಿದು ನೋಡಿರುತ್ತಾರೆ. ಕೊಲಂಬಿಯಾದ ಸುಪ್ರೀಮೋ ಮತ್ತು ಎಕ್ಸೆಲ್ಸೋ ಒಂದೇ ಗಿಡದಿಂದ ಬರಬಹುದು. ಜರಡಿಯ ಮೇಲೆ ನಿಂತದ್ದು ಒಂದು, ಬಿದ್ದದ್ದು ಇನ್ನೊಂದು. ಗ್ವಾಟೆಮಾಲಾದಂತಹ ದೇಶಗಳಲ್ಲಿ ತೋಟದ ಎತ್ತರ ನೋಡಿ ಗ್ರೇಡು ಹೇಳುತ್ತಾರೆ. ಎತ್ತರದಲ್ಲಿ ತಂಪು ಹೆಚ್ಚು, ಹಣ್ಣು ನಿಧಾನ, ಬೀಜ ಗಡುಸು ಎಂಬುದು ಅವರ ಲೆಕ್ಕ.

ನಮ್ಮದೇ ಒಂದು ನಿದರ್ಶನ ಬೇಕಾದರೆ ಮಾನ್ಸೂನ್ಡ್ ಮಲಬಾರ್ ಇದೆ. ಕರಾವಳಿಯ ಗೋದಾಮಿನಲ್ಲಿ ಮಳೆಗಾಲದ ತೇವದ ಗಾಳಿಗೆ ಹರಡಿದ ಚೆರ್ರಿ ಕಾಫಿಯ ಬೀಜ ಕೆಲವೇ ವಾರಗಳಲ್ಲಿ ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತದೆ. ದಪ್ಪವೇನೋ ಹೆಚ್ಚಾಯಿತು, ಹುಳಿ ಮಾತ್ರ ಹೊರಟುಹೋಗಿ ರುಚಿ ಮೆದುವಾಗುತ್ತದೆ. ಅದಕ್ಕೆ ಮೆಚ್ಚುವವರಿದ್ದಾರೆ, ಬೆಲೆಯೂ ಇದೆ. ಆದರೆ ಆ ರುಚಿ ಬಂದದ್ದು ಗಾಳಿ ತೇವದಿಂದ, ಅಗಲದಿಂದಲ್ಲ.

ಹುರಿಯುವಾಗ ಮಾತ್ರ ಗಾತ್ರ ಮಾತಾಡುತ್ತದೆ

ಬೀಜದ ಗಾತ್ರ ನಿಜವಾಗಿ ರುಚಿಗೆ ಕೈ ಹಾಕುವ ಜಾಗ ಹುರಿಯುವ ಡ್ರಮ್ಮು. ನೆಲಗಡಲೆಯನ್ನೂ ಹೆಸರುಕಾಳನ್ನೂ ಒಂದೇ ಬಾಣಲೆಯಲ್ಲಿ ಹುರಿಯಲು ಹೇಳಿದರೆ ನಮ್ಮ ಮನೆಯ ಹೆಂಗಸರು ನಕ್ಕಾರು. ಕಡಲೆ ಹದವಾಗುವಷ್ಟರಲ್ಲಿ ಹೆಸರು ಕರಿಯಾಗಿರುತ್ತದೆ. ಕಾಫಿಯಲ್ಲಿ ವ್ಯತ್ಯಾಸ ಅಷ್ಟು ದೊಡ್ಡದಲ್ಲ, ಆದರೆ ರೀತಿ ಅದೇ. ಸಣ್ಣ ಬೀಜಕ್ಕೆ ಕಾವು ಬೇಗ ಒಳಕ್ಕೆ ಇಳಿಯುತ್ತದೆ, ದಪ್ಪ ಬೀಜದ ನಡುವಿಗೆ ತಡವಾಗಿ ತಲುಪುತ್ತದೆ. ಎರಡನ್ನೂ ಬೆರೆಸಿ ಹುರಿದರೆ ಸಣ್ಣದು ಸೀದು ಕಹಿ ಬಿಡುತ್ತದೆ, ದಪ್ಪದ್ದು ನಡುವೆ ಹಸಿಯಾಗಿ ಉಳಿದು ಒಗರು, ಹುಳಿ ಬಿಡುತ್ತದೆ. ಲೋಟದಲ್ಲಿ ಎರಡೂ ಕೂಡಿ ಒಂದು ಗಲಿಬಿಲಿ ರುಚಿ. ಬರೀ ಎ ಗ್ರೇಡನ್ನು ಹುರಿದರೆ ಹದ ಸಮನಾಗುತ್ತದೆ. ಆದರೆ ಬರೀ ಬಿ ಗ್ರೇಡನ್ನು ಅದಕ್ಕೆ ತಕ್ಕ ಹದದಲ್ಲಿ ಹುರಿದರೂ ಸಮನಾಗಿಯೇ ಆಗುತ್ತದೆ! ಹಾಗಾಗಿ ಹುರಿಯುವವನು ಕೊಂಡುಕೊಳ್ಳುವುದು ದಪ್ಪವನ್ನಲ್ಲ, ಸಮಗಾತ್ರವನ್ನು. ಒಂದೇ ಅಳತೆಯ ಬೀಜಕ್ಕೆ ಅವನು ಎರಡು ಕಾಸು ಹೆಚ್ಚು ಕೊಟ್ಟರೆ ಅದರಲ್ಲಿ ಅರ್ಥವಿದೆ.

ಪುಡಿಯಾದ ಮೇಲಂತೂ ಬೀಜದ ಗಾತ್ರದ ಮಾತೇ ಇಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದನ್ನು ನಿರ್ಧರಿಸುವುದು ಪುಡಿಯ ನಯ, ನೀರಿನ ಕಾವು, ಅಳತೆ ಇಷ್ಟೇ. ದಪ್ಪ ಬೀಜದ ಪುಡಿಗೆ ಡಿಕಾಕ್ಷನ್ ಗಟ್ಟಿ ಬರುತ್ತದೆಂಬ ನಂಬಿಕೆಗೆ ಬುಡವಿಲ್ಲ.

ಇನ್ನೊಂದು ಜಾಗ ನಮ್ಮದೇ ಮನೆಯ ಪಲ್ಪರ್. ಹಣ್ಣಿನ ಗಾತ್ರ ಒಂದೇ ಸಮ ಇಲ್ಲದಿದ್ದರೆ, ಪಲ್ಪರನ್ನು ಮಧ್ಯಮ ಹಣ್ಣಿಗೆ ಹೊಂದಿಸಿದಾಗ ದಪ್ಪ ಹಣ್ಣಿನ ಬೀಜ ಗಾಯಗೊಳ್ಳುತ್ತದೆ, ಸಣ್ಣ ಹಣ್ಣು ಸಿಪ್ಪೆ ಬಿಡದೆ ಹಾಗೆಯೇ ದಾಟಿ ಹೋಗುತ್ತದೆ. ಗಾಯಗೊಂಡ ಬೀಜ ತೊಟ್ಟಿಯಲ್ಲಿ ಹುಳಿಯುವಾಗ ಕಲೆಗಟ್ಟಿ ಕೆಟ್ಟ ವಾಸನೆ ಹಿಡಿಯುತ್ತದೆ. ಸಿಪ್ಪೆ ಬಿಡದ ಹಣ್ಣು ಒಳ್ಳೆಯ ಪಾರ್ಚ್‌ಮೆಂಟಿನ ನಡುವೆ ಕೂತು ಅದನ್ನೂ ಕೆಡಿಸುತ್ತದೆ. ಇಂತಹ ನಾಲ್ಕು ಬೀಜ ಲೋಟಕ್ಕೆ ಬಿದ್ದರೆ 19ನೇ ಜರಡಿಯ ಕಾಫಿಯೂ ಉಳಿಯುವುದಿಲ್ಲ. ಪಲ್ಪರ್ ಹೂಡುವ ಮುಂಚೆ ಪ್ರತಿ ದಿನ ಒಂದು ಹಿಡಿ ಹಣ್ಣು ಹಾಕಿ, ಬೀಜ ನೋಡಿ, ತಿರುಪು ಸರಿಮಾಡಿಕೊಳ್ಳುವುದಕ್ಕೆ ಐದು ನಿಮಿಷ ಸಾಕು. ನಮ್ಮಲ್ಲಿ ಅನೇಕರು ವರ್ಷಕ್ಕೊಮ್ಮೆ ಮಾಡಿ ಬಿಡುತ್ತಾರೆ.

ಸಿ ಗ್ರೇಡು ಏಕೆ ಕೆಡುತ್ತದೆ

ಸಣ್ಣ ಬೀಜಕ್ಕೆ ಕೆಟ್ಟ ಹೆಸರು ಬಂದಿರುವುದು ಸಹವಾಸದಿಂದ. ಹಸಿಗಾಯಿಯ ಬೀಜ ಒಣಗಿದಾಗ ಸುಕ್ಕುಗಟ್ಟಿ ಸಣ್ಣದಾಗುತ್ತದೆ. ಅದು ಕೆಳಗಿನ ಜರಡಿಗೆ ಬೀಳುತ್ತದೆ. ರೆಕ್ಕೆ ಒಣಗಿದ ಗಿಡದ ಬೀಜ, ಗಿಡದಲ್ಲೇ ಕರಗಿದ ಕಾಯಿಯ ಕಪ್ಪು ಬೀಜ, ಒಡೆದ ಚೂರು, ಇವೆಲ್ಲ ಕೆಳಕ್ಕೇ ಬರುತ್ತವೆ. ಮಳೆ ಕಡಿಮೆಯಾಗಿ ಕೋಣೆ ಸಣ್ಣದಾದರೂ ಚೆನ್ನಾಗಿ ತುಂಬಿದ ಒಳ್ಳೆಯ ಬೀಜವೂ ಇದೇ ಗುಂಪಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹಸಿಗಾಯಿಯ ಬೀಜವನ್ನು ಹುರಿದು ನೋಡಿ. ಉಳಿದ ಬೀಜ ಕಂದುಬಣ್ಣಕ್ಕೆ ಬಂದರೂ ಅದು ಪೇಲವವಾಗಿಯೇ ಉಳಿಯುತ್ತದೆ. ಸಕ್ಕರೆ ತುಂಬುವ ಮೊದಲೇ ಕಿತ್ತದ್ದು, ಬಣ್ಣ ಎಲ್ಲಿಂದ ಬಂದೀತು? ಅದನ್ನು ಅಗಿದರೆ ಒಗರು, ಕುಡಿದರೆ ಹಸಿ ಕಡಲೆಯ ರುಚಿ.

ಅಡಿಕೆಯನ್ನೂ ಬೆಳೆಯುವ ನಮ್ಮ ಸದಸ್ಯರಿಗೆ ದಪ್ಪವೇ ಬೆಲೆಯಲ್ಲ ಎಂಬುದು ಹೊಸದಲ್ಲ. ಶಿವಮೊಗ್ಗದ ಮಂಡಿಯಲ್ಲಿ ಎಲ್ಲಕ್ಕಿಂತ ಮೇಲೆ ಕೂರುವ ಸರಕು ಎಳೆಯ ಕಾಯಿಯದು. ಬೆಟ್ಟೆ, ರಾಶಿ ಅದರ ಕೆಳಗೆ. ಚಾಲಿಯಲ್ಲಿ ಗಾತ್ರಕ್ಕೆ ಬೇರೆ ಮರ್ಯಾದೆ. ಪದ್ಧತಿ, ಕೊಳ್ಳುವವನ ಅಭ್ಯಾಸ, ಬಳಸುವ ರೀತಿ ಇವೆಲ್ಲ ಸೇರಿ ಬೆಲೆ. ಆದರೆ ಎಳೆಯದಕ್ಕೆ ಹೆಚ್ಚು ಬೆಲೆ ಎಂಬ ಅಡಿಕೆಯ ಪಾಠವನ್ನು ಕಾಫಿ ತೋಟಕ್ಕೆ ಮಾತ್ರ ತರಬೇಡಿ. ಆಳು ಸಿಕ್ಕಿದ ದಿನವೇ ಹಸಿ, ದೋರೆ, ಹಣ್ಣು ಎಲ್ಲವನ್ನೂ ಒಂದೇ ಸಲ ಬೋಳಿಸಿ ತರುವುದು ಈಗೀಗ ವಾಡಿಕೆಯಾಗಿದೆ. ಆಳಿನ ಕಷ್ಟ ನಮಗೂ ಗೊತ್ತು. ಎರಡು ಕುಯ್ಲು ಸಾಧ್ಯವಾದರೆ ಮೊದಲ ಕುಯ್ಲಿನಲ್ಲಿ ಹಣ್ಣನ್ನೇ ಕಿತ್ತು ಬೇರೆ ಇಡಿ. ಸಾಧ್ಯವಾಗದಿದ್ದರೆ ತಂದ ರಾಶಿಯನ್ನು ನೀರಿಗೆ ಹಾಕಿ ತೇಲುಗಾಯಿ ತೆಗೆದು, ಹಸಿಗಾಯಿ ಆರಿಸಿ ಚೆರ್ರಿಗೆ ಒಣಗಿಸಿ.

ಪೀಬೆರಿಯ ವಿಷಯ

ಬೆಂಗಳೂರು, ಮೈಸೂರಿನ ಕಾಫಿಪುಡಿ ಅಂಗಡಿಗಳಲ್ಲಿ ಪೀಬೆರಿ ಎಂಬ ಹೆಸರಿಗೆ ಒಂದು ಗೌರವವಿದೆ. ಎರಡು ಬೀಜ ಇರಬೇಕಾದ ಕಾಯಿಯಲ್ಲಿ ಒಂದು ಬೀಜ ಕಟ್ಟದೆ ಹೋದಾಗ ಉಳಿದದ್ದು ಪೂರ್ತಿ ಜಾಗ ಹಿಡಿದು ದುಂಡಗಾಗುತ್ತದೆ. ಹೂವಿನ ಹೊತ್ತಿನಲ್ಲಿ ಪರಾಗ ಸರಿಯಾಗಿ ಕೂಡದಿದ್ದರೆ, ಒಣಹವೆ ಹಿಡಿದರೆ ಇದು ಹೆಚ್ಚು. ಒಂದು ಗಿಡದ ಹೂವಿಗೆ ಬೇರೆ ಗಿಡದ ಪರಾಗವೇ ಬೇಕಾದ ರೋಬಸ್ಟಾದಲ್ಲಿ ಇದು ಸಾಮಾನ್ಯ. ಪೀಬೆರಿಯಲ್ಲಿ ಬೇರೆ ಕಾಫಿಯಲ್ಲಿಲ್ಲದ ಸತ್ವ ಯಾವುದೂ ಇಲ್ಲ. ದುಂಡಗಿರುವುದರಿಂದ ಡ್ರಮ್ಮಿನಲ್ಲಿ ಉರುಳಿ ಎಲ್ಲ ಕಡೆ ಸಮನಾಗಿ ಹುರಿಯುತ್ತದೆ, ಅದು ನಿಜ. ಬೇರೆ ಜರಡಿಯಲ್ಲಿ ಒಮ್ಮೆ ಹೆಚ್ಚಾಗಿ ಬೇರ್ಪಡಿಸುವುದರಿಂದ ದೋಷದ ಬೀಜ ಕಡಿಮೆ, ಅದೂ ನಿಜ. ಉಳಿದದ್ದು ಹೆಸರಿನ ಮಹಿಮೆ.

ಮನೆಯಲ್ಲೇ ಪರೀಕ್ಷೆ

ನಾವು ಹೇಳಿದ್ದನ್ನು ನಂಬಬೇಕಾಗಿಲ್ಲ. ಸದಸ್ಯರು ತಮ್ಮ ಕಾಫಿಯನ್ನೇ ತಾವೇ ಪರೀಕ್ಷಿಸಬಹುದು. ಸಿಪ್ಪೆ ತೆಗೆದ ಒಂದೆರಡು ಕಿಲೋ ಬೀಜ ತೆಗೆದುಕೊಂಡು ಮೊದಲು ಕಪ್ಪು, ತೂತು, ಚೂರು, ಸುಕ್ಕು ಎಲ್ಲವನ್ನೂ ಮೊರದಲ್ಲಿ ಆರಿಸಿ ಹೊರಗೆ ಹಾಕಿ. ಇದನ್ನು ಮಾಡದಿದ್ದರೆ ಪರೀಕ್ಷೆ ಗಾತ್ರದ್ದಾಗುವುದಿಲ್ಲ, ಕಸದ್ದಾಗುತ್ತದೆ. ಆಮೇಲೆ ಜರಡಿಯಲ್ಲಿ, ಜರಡಿ ಸಿಕ್ಕದಿದ್ದರೆ ಕಣ್ಣಳತೆಯಲ್ಲೇ, ದಪ್ಪದ್ದು ಒಂದು ಗುಡ್ಡೆ, ಸಣ್ಣದ್ದು ಒಂದು ಗುಡ್ಡೆ ಮಾಡಿ.

ಒಂದೊಂದರಲ್ಲೂ 200 ಗ್ರಾಂ ತೆಗೆದು, ಬೇರೆ ಬೇರೆಯಾಗಿ, ಒಂದೇ ಬಾಣಲೆಯಲ್ಲಿ, ಒಂದೇ ಉರಿಯಲ್ಲಿ ಹುರಿಯಿರಿ. ಗಡಿಯಾರ ನೋಡಬೇಡಿ, ಬಣ್ಣ ನೋಡಿ. ಸಣ್ಣದ್ದು ಬೇಗ ಬರುತ್ತದೆ. ಒಂದು ದಿನ ಬಿಟ್ಟು ಒಂದೇ ನಯಕ್ಕೆ ಪುಡಿ ಮಾಡಿ. ಚಿಕೋರಿ ಬೇಡ. ಪುಡಿ, ನೀರು ಎರಡಕ್ಕೂ ತಕ್ಕಡಿ, ಅಳತೆ ಲೋಟ ಬಳಸಿ. ಡಿಕಾಕ್ಷನ್ ತೆಳುವಾಗಿಯೇ ಇರಲಿ, ಹಾಲು ಸಕ್ಕರೆ ಬೇಡ. ಅವು ಬಂದರೆ ನಾಲಿಗೆ ಮೋಸಹೋಗುತ್ತದೆ.

ಈಗ ಮೂರು ಲೋಟ ಇಡಿ. ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆಯದು. ಕುಡಿಯುವವರಿಗೆ ಯಾವುದರಲ್ಲಿ ಏನಿದೆ ಎಂದು ಹೇಳಬಾರದು. ಬೇರೆಯಾದ ಲೋಟ ಯಾವುದೆಂದು ಕೇಳಿ. ಲೋಟಗಳ ಜಾಗ ಬದಲಿಸಿ ಹೀಗೆ ಆರು ಸಲ ಮಾಡಿ. ಕಣ್ಣು ಮುಚ್ಚಿ ಬೆರಳು ತೋರಿಸಿದರೂ ಆರರಲ್ಲಿ ಎರಡು ಸಲ ಸರಿಹೋಗುತ್ತದೆ, ಅದು ಲೆಕ್ಕಕ್ಕಿಲ್ಲ. ಒಬ್ಬರೇ ಆರರಲ್ಲಿ ಐದು ಸಲ ಸರಿಯಾಗಿ ಹೇಳಿದರೆ ಅವರಿಗೆ ನಿಜವಾಗಿಯೂ ವ್ಯತ್ಯಾಸ ಸಿಕ್ಕಿದೆ ಎನ್ನಬಹುದು. ಆಮೇಲೆ ಎರಡನೆಯ ಸುತ್ತು: ಆರಿಸಿದ ಸಣ್ಣ ಬೀಜ ಒಂದು ಕಡೆ, ಆರಿಸದ ಸಣ್ಣ ಬೀಜ ಇನ್ನೊಂದು ಕಡೆ. ಮೊದಲ ಸುತ್ತಿನಲ್ಲಿ ತಡಕಾಡಿದವರು ಎರಡನೆಯ ಸುತ್ತಿನಲ್ಲಿ ಮುಖ ಹಿಂಡಿಕೊಂಡು ಬೆರಳು ತೋರಿಸುತ್ತಾರೆಂಬುದು ನಮ್ಮ ನಿರೀಕ್ಷೆ. ಮಾಡಿ ನೋಡಿದವರು ಫಲಿತಾಂಶವನ್ನು ಕಚೇರಿಗೆ ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ, ನಮ್ಮ ನಿರೀಕ್ಷೆ ಸುಳ್ಳಾದರೂ ಸರಿ.

ಬೀಜ ತುಂಬಿದೆಯೋ ಇಲ್ಲವೋ ತಿಳಿಯಲು ಇನ್ನೂ ಸುಲಭದ ದಾರಿ ಇದೆ. ಒಂದೇ ಜರಡಿಯ ಮೇಲೆ ನಿಂತ, ಒಂದೇ ಹದಕ್ಕೆ ಒಣಗಿದ, ಎರಡು ಜಾಗದ ಬೀಜಗಳಿಂದ ನೂರು ನೂರು ಎಣಿಸಿ ತೂಗಿ. ಚಿನ್ನ ತೂಗುವಂತಹ ಸಣ್ಣ ತಕ್ಕಡಿ ಈಗ ಎಲ್ಲ ಕಡೆ ಸಿಕ್ಕುತ್ತದೆ. ಅಗಲ ಅಷ್ಟೇ ಇದ್ದು ತೂಕ ಹೆಚ್ಚು ಬಂದ ಜಾಗದ ಕಾಫಿಯನ್ನು ಬೇರೆ ಇಡುವುದು ಲೇಸು.

ಗಿಡ ಕೀಳಬೇಕೆ?

ದಪ್ಪ ಬೀಜವೊಂದೇ ಕಾರಣವಾದರೆ, ಬೇಡ. 1940ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಹೊರಬಂದ 795ರ ಬೀಜ ಸಣ್ಣದೇನಲ್ಲ. ರುಚಿಗಂತೂ ಅದಕ್ಕೆ ಒಳ್ಳೆಯ ಹೆಸರಿದೆ, ಕೆಂಟ್ಸ್ ಗಿಡದ ರಕ್ತ ಅದರಲ್ಲಿದೆ. ನಿಮ್ಮ 795ರಲ್ಲಿ ಎ ಗ್ರೇಡು ಕಡಿಮೆಯಾಗಿದ್ದರೆ ತಳಿಯನ್ನು ಬೈಯುವ ಮೊದಲು ನೆರಳು, ಕಂಬಚಿಗುರು, ಎಲೆತುಕ್ಕು, ಸುಣ್ಣ, ಪೊಟ್ಯಾಷ್ ಇವನ್ನು ನೋಡಿ. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ದಪ್ಪ ಬೀಜದ ತಳಿ. ಬಿಳಿ ಕಾಂಡಕೊರಕಕ್ಕೆ ಗಿಡ ಹೋಗಿ ಖಾಲಿ ಬಿದ್ದ ಜಾಗಕ್ಕೆ ಅದನ್ನು ಹಾಕಬಯಸುವವರು ಹಾಕಲಿ. ನಿಂತ ಗಿಡ ಕಿತ್ತು ಹಾಕುವುದು ಬೇರೆ ಮಾತು. ರೋಬಸ್ಟಾದವರಿಗೆ ನೀರಿನ ಅನುಕೂಲವಿದ್ದರೆ, ಹೂವಿಗೆ ಸ್ಪ್ರಿಂಕ್ಲರ್ ಹೊಡೆದ 15-20 ದಿನಕ್ಕೆ ಎರಡನೆಯ ಸಲ ನೀರು ಕೊಡುವುದು ಕಾಯಿ ನಿಲ್ಲುವುದಕ್ಕೂ ಬೆಳೆಯುವುದಕ್ಕೂ ಸಹಾಯ. ಸಿ ಇಂಟು ಆರ್ ಗಿಡದ ಕಾಫಿ ಬೇರೆ ರೋಬಸ್ಟಾಗಿಂತ ಮೆದುವಾಗಿರುವುದು ಅದರ ತಾಯ್ತಂದೆಯರಿಂದ ಬಂದ ಗುಣ.

ಇನ್ನು ಮೊದಲಿನ ನ್ಯಾಯದ ಪ್ರಶ್ನೆ. ಪೂಲ್ ವ್ಯವಸ್ಥೆ ಇದ್ದಾಗ ಬೆಳೆಗಾರ ಕಾಫಿಯನ್ನು ಮಂಡಳಿಗೆ ಒಪ್ಪಿಸಿ ಪಾಯಿಂಟಿನ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದ. 1996ರಲ್ಲಿ ಅದು ಪೂರ್ತಿ ಕೊನೆಗೊಂಡ ಮೇಲೆ ನಮಗೂ ಕೊಳ್ಳುವವನಿಗೂ ನಡುವೆ ಯಾರೂ ಇಲ್ಲ. ಎ ಮತ್ತು ಬಿ ನಡುವಿನ ಬೆಲೆ ವ್ಯತ್ಯಾಸದಲ್ಲಿ ಒಂದಷ್ಟು ಭಾಗ ಸಮನಾಗಿ ಹುರಿಯುವ ಅನುಕೂಲಕ್ಕೆ, ಒಂದಷ್ಟು ಕಣ್ಣಿಗೆ ಕಾಣುವ ಅಂದಕ್ಕೆ, ಉಳಿದದ್ದು ಬಂದ ಪದ್ಧತಿಗೆ. ಅದನ್ನು ನಾವು ಒಬ್ಬೊಬ್ಬರಾಗಿ ಬದಲಿಸಲಾರೆವು. ಆದರೆ ಮನೆ ಬಾಗಿಲಲ್ಲೇ ಚೀಲದ ಲೆಕ್ಕದಲ್ಲಿ ಚೆರ್ರಿ ಮಾರುವವರಿಗೆ ರುಚಿಯ ಹೆಸರಿನಲ್ಲಿ ಒಂದು ಕಾಸೂ ಬರುವುದಿಲ್ಲ ಎಂಬುದನ್ನು ಯೋಚಿಸಬೇಕು. ಅಲ್ಲಿ ಅಳೆಯುವುದು ಔಟ್‌ಟರ್ನು, ತೇವ, ಅಷ್ಟೇ. ತಮ್ಮ ಕಾಫಿ ಲೋಟದಲ್ಲಿ ಹೇಗಿದೆ ಎಂದು ತಿಳಿಯದ ಬೆಳೆಗಾರ ಬೆಲೆ ಕೇಳುವುದಾದರೂ ಯಾವ ಆಧಾರದ ಮೇಲೆ? ಅದಕ್ಕಾಗಿ ಈ ಸಲ ಸದಸ್ಯರು ತಮ್ಮ ಪಾರ್ಚ್‌ಮೆಂಟಿನ ಮಾದರಿಯನ್ನು ರುಚಿ ಪರೀಕ್ಷೆಗೆ ಕಳಿಸಬೇಕೆಂದು ನಾವು ಒತ್ತಾಯಿಸುತ್ತೇವೆ. ಎ ಮತ್ತು ಬಿ ಎರಡನ್ನೂ ಬೇರೆ ಬೇರೆ ಕುಡಿದು ವರದಿ ಕೊಡುವಂತೆ ಕೇಳಿ. ಬಿ ಗ್ರೇಡಿಗೆ ಒಳ್ಳೆಯ ವರದಿ ಬಂದರೆ, ಅದನ್ನು ಮುಂದಿಟ್ಟುಕೊಂಡು ಮಾತಾಡಲು ನಿಮಗೊಂದು ಕಾಗದವಾದರೂ ಇರುತ್ತದೆ.

ಮಾದರಿ ತೆಗೆಯುವಾಗ ಮೇಲಿನ ಒಂದೇ ಚೀಲದಿಂದ ಬಾಚಬೇಡಿ. ಪ್ರತಿ ಚೀಲದ ಮೇಲೆ, ನಡುವೆ, ಕೆಳಗೆ ಹಿಡಿ ಹಿಡಿ ತೆಗೆದು ಸ್ವಚ್ಛವಾದ ಬಟ್ಟೆಯ ಮೇಲೆ ಸುರಿದು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಂಡು ಮತ್ತೆ ಕಲಸಿ. ಹೀಗೆ ಒಂದು ಕಿಲೋಗೆ ಬರುವವರೆಗೆ ಮಾಡಿ. ಚೆನ್ನಾಗಿರುವುದನ್ನು ಮಾತ್ರ ಆರಿಸಿ ಕಳಿಸಿದರೆ ವರದಿ ಚೆನ್ನಾಗಿ ಬರುತ್ತದೆ, ಉಪಯೋಗಕ್ಕೆ ಬರುವುದಿಲ್ಲ. ತಳಿ, ತೋಟದ ಭಾಗ, ಎಷ್ಟನೆಯ ಕುಯ್ಲು, ಪಲ್ಪ್ ಮಾಡಿದ ದಿನ ಇಷ್ಟನ್ನು ಎರಡು ಚೀಟಿಯಲ್ಲಿ ಬರೆದು ಒಂದನ್ನು ಒಳಗೆ, ಒಂದನ್ನು ಹೊರಗೆ ಕಟ್ಟಿ. ಗೊಬ್ಬರದ ಚೀಲ, ಡೀಸೆಲ್ ಡಬ್ಬ, ಏಲಕ್ಕಿ, ಮೆಣಸು ಇವುಗಳ ಪಕ್ಕದಲ್ಲಿ ಇಟ್ಟದ್ದನ್ನು ಕಳಿಸಬೇಡಿ. ಕಾಫಿ ಬೀಜ ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತದೆ. ಮಾದರಿಯನ್ನು ಸಂಘದ ಕಚೇರಿಗೆ ತಂದುಕೊಟ್ಟರೆ ಎಲ್ಲರದನ್ನೂ ಒಟ್ಟಿಗೆ ಕಳಿಸುವ ಏರ್ಪಾಡು ಮಾಡುತ್ತೇವೆ.